ಮಗಳ ಮಿದುಳಿಗೆ ಆಪರೇಷನ್ ಅಂತಾರೆ, ಒಪ್ಪಿಕೊಳ್ಳಲಾ ಡಾಕ್ಟ್ರೇ?

ಪ್ರಶ್ನೆ: ನಮ್ಮದು ದಾವಣಗೆರೆ ಜಿಲ್ಲೆಯ ಒಂದು ಹಳ್ಳಿ. ಮಗಳಿಗೆ ಈಗ ಒಂಬತ್ತು ವರ್ಷ. ಹನ್ನೊಂದು ತಿಂಗಳ ಕೂಸಾಗಿದ್ದಾಗ ಜ್ವರ ಏರಿ ಫಿಟ್ಸ್ ಬಂತು. ಮುಕ್ಕಾಲು ಗಂಟೆ ನಿಲ್ಲಲೇ ಇಲ್ಲ. ಆಮೇಲೆ ನಾಲ್ಕು ವರ್ಷ ಏನೂ ಇರಲಿಲ್ಲ. ಯುಕೆಜಿಗೆ ಹೋಗುವಾಗ ಮತ್ತೆ ಶುರುವಾಯಿತು, ಆದರೆ ಬೇರೆ ಥರ. ‘ಅಮ್ಮಾ, ಹೊಟ್ಟೆಯಿಂದ ಏನೋ ಮೇಲಕ್ಕೆ ಬರ್ತಿದೆ’ ಅಂತ ಓಡಿ ಬಂದು ನನ್ನನ್ನು ಹಿಡಿದುಕೊಳ್ಳುತ್ತಾಳೆ. ಆಮೇಲೆ ಕಣ್ಣು ಒಂದೇ ಕಡೆ ನೆಡುತ್ತೆ. ಬಾಯಿ ಚಪ್ಪರಿಸುತ್ತಾಳೆ. ಎಡಗೈಯಿಂದ ಫ್ರಾಕು ಹಿಸುಕುತ್ತಾಳೆ, ಬಲಗೈ ಸೆಟೆದುಕೊಳ್ಳುತ್ತೆ. ಒಂದೂವರೆ ನಿಮಿಷಕ್ಕೆ ಮುಗಿಯುತ್ತೆ, ಆದರೆ ಹತ್ತು ನಿಮಿಷ ಮಾತು ಹೊರಡುವುದಿಲ್ಲ. ತಿಂಗಳಿಗೆ ಆರೇಳು ಸಲ ಆಗುತ್ತೆ. ಫಿಟ್ಸ್ ಮಾತ್ರೆಗಳಲ್ಲಿ ವಾಲ್‌ಪ್ರೊಯೇಟ್ ಆಯಿತು, ಆಕ್ಸ್‌ಕಾರ್ಬಜೆಪಿನ್ ಆಯಿತು, ಈಗ ಅದರ ಜೊತೆ ಲೆವೆಟಿರಾಸಿಟಾಮ್, ಕ್ಲೋಬಜಾಮ್ ಕೊಡುತ್ತಿದ್ದೇವೆ. ಸಿಟ್ಟು ಜಾಸ್ತಿ ಆಗಿದೆ, ಕ್ಲಾಸಿನಲ್ಲಿ ತೂಕಡಿಸುತ್ತಾಳಂತೆ. ಎಂಆರ್‌ಐನಲ್ಲಿ ಎಡಗಡೆ ‘ಮೀಸಿಯಲ್ ಟೆಂಪೊರಲ್ ಸ್ಕ್ಲೆರೋಸಿಸ್’ ಅಂತ ಬಂದಿದೆ. ಬೆಂಗಳೂರಿನ ಡಾಕ್ಟರು ಅಡ್ಮಿಟ್ ಮಾಡಿ, ವಿಡಿಯೊ ಇಇಜಿ ಮಾಡೋಣ, ಎಲ್ಲಾ ಸರಿ ಇದ್ದರೆ ಆಪರೇಷನ್ ಮಾಡಬಹುದು ಅಂದರು. ಮನೆಯಲ್ಲಿ ರಾದ್ಧಾಂತ. ಅತ್ತೆ ‘ದೊಡ್ಡವಳಾದರೆ ತಾನಾಗೇ ಹೋಗುತ್ತೆ, ತಲೆಗೆ ಕತ್ತರಿ ಹಾಕಿಸಿದ ಹುಡುಗೀನ ನಾಳೆ ಯಾರು ಮದುವೆ ಆಗ್ತಾರೆ’ ಅಂತಾರೆ. ಮೈದುನ ‘ಇದೆಲ್ಲ ಪ್ರಯೋಗ, ಬುದ್ಧಿಮಾಂದ್ಯ ಆಗಿಬಿಡುತ್ತೆ’ ಅಂತಾನೆ. ಯಜಮಾನರು ಬಾಯೇ ಬಿಡುವುದಿಲ್ಲ. ಸಹಿ ಹಾಕಬೇಕಾದವಳು ನಾನು. ಏನು ಮಾಡಲಿ? ಮಗಳಿಗೆ ಏನು ಹೇಳಲಿ?

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಫಿಟ್ಸ್ ಹೇಗೆ ಬರುತ್ತದೆ ಅಂತ ನೀವು ಬರೆದಿರುವ ಐದಾರು ಸಾಲು ನನ್ನ ಟೇಬಲ್ಲಿಗೆ ಬರುವ ಎಷ್ಟೋ ರೆಫರಲ್ ಚೀಟಿಗಳಿಗಿಂತ ಚೆನ್ನಾಗಿದೆ. ಹೊಟ್ಟೆಯಿಂದ ಮೇಲೇಳುವ ಅನುಭವ, ನೆಟ್ಟ ನೋಟ, ಬಾಯಿ ಚಪ್ಪರಿಸುವುದು, ಇವು ಕಿವಿಯ ನೇರಕ್ಕೆ ತಲೆಯೊಳಗೆ ಇರುವ, ಮಿದುಳಿನ ಟೆಂಪೊರಲ್ ಎಂಬ ಭಾಗದ ಫಿಟ್ಸಿನ ಲಕ್ಷಣ. ಒಂದು ಕೈ ಬಟ್ಟೆ ಹಿಸುಕುತ್ತಾ ಇನ್ನೊಂದು ಕೈ ಸೆಟೆದರೆ, ಸಾಮಾನ್ಯವಾಗಿ ತೊಂದರೆ ಇರುವುದು ಸೆಟೆದ ಕೈಗೆ ಎದುರಿನ ಬದಿಯ ಮಿದುಳಿನಲ್ಲಿ. ಬಲಗೈ ಸೆಟೆಯುತ್ತದೆ, ಅಂದರೆ ಎಡಗಡೆ. ಮುಗಿದ ಮೇಲೆ ಮಾತು ಹೊರಡುವುದಿಲ್ಲ. ಅದೂ ಮಾತಿನ ಕೇಂದ್ರ ಇರುವ ಬದಿಯ ಕಡೆಗೇ ಕೈ ತೋರಿಸುತ್ತದೆ. ಎಂಆರ್‌ಐ ಕೂಡ ಎಡ ಅನ್ನುತ್ತಿದೆ. ಮೂರೂ ಒಂದೇ ಕಡೆ ಬೊಟ್ಟು ಮಾಡುತ್ತಿವೆ. ನಮ್ಮ ಕೆಲಸದಲ್ಲಿ ಇಷ್ಟು ಹೊಂದಿಕೆ ದಿನಾ ಸಿಗುವುದಿಲ್ಲ.

ಮಗುವನ್ನು ನಾನು ನೋಡಿಲ್ಲ. ಹಾಗಾಗಿ ‘ಮಾಡಿಸಿ’ ಅಂತಲೋ ‘ಬೇಡ’ ಅಂತಲೋ ಇಲ್ಲಿ ಕೂತು ಹೇಳಿದರೆ ತಪ್ಪಾಗುತ್ತದೆ. ಆದರೆ ಒಂದು ಗಂಟನ್ನು ಈಗಲೇ ಬಿಚ್ಚಬಹುದು. ಸದ್ಯಕ್ಕೆ ಡಾಕ್ಟರು ನಿಮ್ಮನ್ನು ಕೇಳುತ್ತಿರುವುದು ಆಪರೇಷನ್ನಿಗೆ ಒಪ್ಪಿಗೆಯನ್ನಲ್ಲ, ಪರೀಕ್ಷೆಗೆ ಒಪ್ಪಿಗೆಯನ್ನು. ಇವೆರಡೂ ಬೇರೆ. ಪರೀಕ್ಷೆಗೆ ಅಡ್ಮಿಟ್ ಆದವರಲ್ಲಿ ಎಷ್ಟೋ ಮಕ್ಕಳನ್ನು ‘ಇವರಿಗೆ ಆಪರೇಷನ್ ಸರಿಹೋಗಲ್ಲ’ ಅಂತ ನಾವೇ ವಾಪಸ್ ಕಳಿಸುತ್ತೇವೆ. ಮನೆಯಲ್ಲಿ ಜಗಳ ನಡೆಯುತ್ತಿರುವುದು ಇನ್ನೂ ಯಾರೂ ಕೇಳದ ಸಹಿಯ ಬಗ್ಗೆ.

ಮೊದಲು ಅತ್ತೆಯವರ ಮಾತು. ಅವರನ್ನು ತಳ್ಳಿಹಾಕಬೇಡಿ, ಅದರಲ್ಲಿ ಅರ್ಧ ನಿಜ ಇದೆ. ವಯಸ್ಸಾದಂತೆ ತಾನಾಗೇ ಹೋಗುವ ಫಿಟ್ಸ್ ಇದೆ. ರಾತ್ರಿ ಹೊತ್ತು ಬಾಯಿ ಒಂದು ಕಡೆ ಎಳೆದು ಜೊಲ್ಲು ಸುರಿಯುವ ರೋಲಾಂಡಿಕ್ ಎಂಬ ಬಗೆ ಹದಿನೈದು ಹದಿನಾರು ವರ್ಷದ ಹೊತ್ತಿಗೆ ನಿಂತುಹೋಗುತ್ತದೆ. ಕೆಲವು ಸೆಕೆಂಡು ಮಾತ್ರ ಮಂಕಾಗುವ ಆಬ್ಸೆನ್ಸ್ ಫಿಟ್ಸ್ ಕೂಡ ಬಹಳ ಮಕ್ಕಳಲ್ಲಿ ಬಿಟ್ಟು ಹೋಗುತ್ತದೆ. ಅತ್ತೆಯವರು ಊರಲ್ಲಿ ಅಂಥ ಮಕ್ಕಳನ್ನು ನೋಡಿರಬಹುದು. ನಿಮ್ಮ ಮಗಳದು ಆ ಬಗೆ ಅಲ್ಲ. ಟೆಂಪೊರಲ್ ಭಾಗದ ಒಳಮಗ್ಗುಲಲ್ಲಿ ಹಿಪೊಕ್ಯಾಂಪಸ್ ಅಂತ ಒಂದು ಸಣ್ಣ ಅಂಗ ಇದೆ. ಆಕಾರ ಕಡಲ ಕುದುರೆಯಂತೆ ಬಾಗಿರುತ್ತದೆ. ಹೊಸ ನೆನಪುಗಳನ್ನು ಕೂಡಿಡುವ ಕೆಲಸ ಅದರದು. ಕೂಸಾಗಿದ್ದಾಗ ಜ್ವರದಲ್ಲಿ ಅರ್ಧ ಗಂಟೆ ಮೀರಿ ಫಿಟ್ಸ್ ಆದ ಕೆಲವು ಮಕ್ಕಳಲ್ಲಿ ಈ ಭಾಗ ಬೆಂದು, ಕುಗ್ಗಿ, ಗಾಯದ ಕಲೆಯ ಹಾಗೆ ಗಟ್ಟಿಯಾಗುತ್ತದೆ. ನಿಮ್ಮ ರಿಪೋರ್ಟಿನಲ್ಲಿರುವ ಉದ್ದ ಹೆಸರಿನ ಅರ್ಥ ಇಷ್ಟೇ. ಜ್ವರದ ಫಿಟ್ಸ್ ಆಯಿತು, ಕೆಲವು ವರ್ಷ ಸದ್ದಿಲ್ಲ, ಆಮೇಲೆ ಬೇರೆ ರೂಪದಲ್ಲಿ ಮತ್ತೆ ಬಂತು. ಇದು ಈ ಕಾಯಿಲೆಯ ಮಾಮೂಲಿ ಕಥೆ. ನಡುವಿನ ಮೌನದ ವರ್ಷಗಳನ್ನು ನೋಡಿ ‘ಆಗ ಹೋಗಿತ್ತಲ್ಲ, ಮತ್ತೆ ಹೋಗುತ್ತೆ’ ಅಂತ ಅನ್ನಿಸುವುದು ಸಹಜ. ಆದರೆ ಆ ಕಲೆ ಅಲ್ಲೇ ಇತ್ತು, ಈಗಲೂ ಇದೆ.

ಅಂದಹಾಗೆ, ಜ್ವರದ ಫಿಟ್ಸ್ ಆದ ಎಲ್ಲ ಕೂಸುಗಳಿಗೂ ಹೀಗಾಗುತ್ತದೆ ಅಂತ ಬೇರೆ ತಾಯಂದಿರು ಗಾಬರಿ ಆಗಬೇಡಿ. ಎರಡು ಮೂರು ನಿಮಿಷಕ್ಕೆ ನಿಂತ ಜ್ವರದ ಫಿಟ್ಸ್ ಹೆಚ್ಚಿನ ಮಕ್ಕಳಲ್ಲಿ ಅಲ್ಲಿಗೇ ಮುಗಿಯುತ್ತದೆ.

ಇನ್ನು ಔಷಧಿ. ‘ಇನ್ನೊಂದು ಮಾತ್ರೆ ಬದಲಾಯಿಸಿ ನೋಡೋಣ’ ಅನ್ನುವುದು ಎಲ್ಲರಿಗೂ ಸುಲಭ. ಡಾಕ್ಟರಿಗೂ ಸುಲಭ, ಮನೆಯವರಿಗೂ ಸುಲಭ. ನಾನೂ ಆ ತಪ್ಪು ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹುಡುಗನಿಗೆ ನಾಲ್ಕನೆಯದು, ಐದನೆಯದು ಅಂತ ಸೇರಿಸುತ್ತಾ ಹೋದೆ. ಅವನ ತಂದೆಗೆ ಆಪರೇಷನ್ ಅಂದರೆ ಭಯ, ನನಗೆ ಆ ಭಯದ ಎದುರು ಕೂತು ಮಾತಾಡುವಷ್ಟು ತಾಳ್ಮೆ ಇರಲಿಲ್ಲ. ನಾಲ್ಕು ವರ್ಷ ಹಾಗೇ ಕಳೆಯಿತು. ಕೊನೆಗೆ ಆಪರೇಷನ್ ಆಯಿತು, ಫಿಟ್ಸ್ ನಿಂತಿತು, ಆದರೆ ಹುಡುಗ ಅಷ್ಟರಲ್ಲಿ ಶಾಲೆ ಬಿಟ್ಟು ಎರಡು ವರ್ಷ ಆಗಿತ್ತು. ಅವನನ್ನು ಮತ್ತೆ ಬೆಂಚಿನ ಮೇಲೆ ಕೂರಿಸಲು ಆಗಲಿಲ್ಲ.

ಲೆಕ್ಕ ಏನು ಹೇಳುತ್ತದೆ ನೋಡಿ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 525 ರೋಗಿಗಳನ್ನು ಗಮನಿಸಿ 2000ದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅವರಲ್ಲಿ ಅದುವರೆಗೆ ಔಷಧಿಯನ್ನೇ ತೆಗೆದುಕೊಳ್ಳದಿದ್ದವರಲ್ಲಿ ನೂರಕ್ಕೆ 47 ಜನರಿಗೆ ಮೊದಲ ಔಷಧಿಯಲ್ಲೇ ಫಿಟ್ಸ್ ನಿಂತಿತು. ಎರಡನೆಯ ಔಷಧಿಯಿಂದ ಇನ್ನೊಂದು 13 ಜನರಿಗೆ. ಮೂರನೆಯದನ್ನು, ಬೇರೆ ಔಷಧಿ ಸೇರಿಸದೆ ಅದೊಂದನ್ನೇ ಕೊಟ್ಟಾಗ ನಿಂತಿದ್ದು ನೂರಕ್ಕೆ ಒಬ್ಬರಿಗೆ. ಆಮೇಲೆ ಹೊಸ ಹೊಸ ಮಾತ್ರೆ ಬಂದಿವೆ, ಅಡ್ಡಪರಿಣಾಮ ಕಡಿಮೆ ಆಗಿದೆ, ಆದರೆ ಈ ಚಿತ್ರ ಹೆಚ್ಚೇನೂ ಬದಲಾಗಿಲ್ಲ. ಅದಕ್ಕೇ 2010ರಿಂದ ಜಗತ್ತಿನಾದ್ಯಂತ ಒಂದು ನಿಯಮ ಇದೆ. ಸರಿಯಾಗಿ ಆರಿಸಿದ ಎರಡು ಔಷಧಿ, ಸರಿಯಾದ ಪ್ರಮಾಣದಲ್ಲಿ, ತಪ್ಪದೆ ಕೊಟ್ಟೂ ಫಿಟ್ಸ್ ನಿಲ್ಲದಿದ್ದರೆ ಅದನ್ನು ಔಷಧಿಗೆ ಬಗ್ಗದ ಫಿಟ್ಸ್ ಅಂತ ಕರೆಯಬೇಕು, ಆಪರೇಷನ್ ಆಗುತ್ತದೆಯೇ ಅಂತ ಪರೀಕ್ಷೆಗೆ ಕಳಿಸಬೇಕು. ನೀವು ನಾಲ್ಕು ನೋಡಿದ್ದೀರಿ. ಬೆಂಗಳೂರಿನವರು ಆತುರ ಮಾಡಿದರು ಅಂತ ಅನ್ನಿಸಿದ್ದರೆ, ಅದು ಆತುರ ಅಲ್ಲ, ತಡವಾಗಿಯೇ ಆಗಿದೆ.

ಮಗಳ ಸಿಟ್ಟಿನ ಬಗ್ಗೆ ಬರೆದಿದ್ದೀರಿ. ಅದು ಅವಳ ಸ್ವಭಾವ ಅಲ್ಲದಿರಬಹುದು. ಲೆವೆಟಿರಾಸಿಟಾಮ್ ಕೆಲವು ಮಕ್ಕಳಲ್ಲಿ ಸಿಡುಕು, ಹಠ, ಅಳು ತರುತ್ತದೆ. ತೂಕಡಿಕೆ ಕ್ಲೋಬಜಾಮ್‌ನದಿರಬಹುದು. ಮುಂದಿನ ಸಲ ಹೋದಾಗ ಇದನ್ನು ಬಾಯಿಬಿಟ್ಟು ಹೇಳಿ, ಪ್ರಮಾಣ ಸರಿಪಡಿಸುತ್ತಾರೆ. ನೀವಾಗೇ ಒಂದು ದಿನವೂ ನಿಲ್ಲಿಸಬೇಡಿ. ಹಠಾತ್ತಾಗಿ ನಿಲ್ಲಿಸಿದರೆ ಫಿಟ್ಸ್ ಬಿಡದೆ ಬರುವ ಅಪಾಯ ಇದೆ.

ಮೈದುನನ ಮಾತಿಗೆ ಬರೋಣ. ಪ್ರಯೋಗ ಅಂತೂ ಅಲ್ಲ. ನಮ್ಮ ದೇಶದಲ್ಲಿ ಫಿಟ್ಸಿಗೆ ಮಿದುಳಿನ ಆಪರೇಷನ್ ಶುರುವಾಗಿದ್ದು 1952ರಲ್ಲಿ, ತಮಿಳುನಾಡಿನ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ, ಡಾ. ಜೇಕಬ್ ಚಾಂಡಿ ಅವರ ಕೈಯಲ್ಲಿ. ಕೆನಡಾದ ಮಾಂಟ್ರಿಯಲ್‌ಗೆ ಹೋಗಿ ಕಲಿತು ಬಂದವರು ಅವರು. ಇವತ್ತು ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆ, ದೆಹಲಿಯ ಏಮ್ಸ್ ಇಂಥ ಕಡೆ ಇದು ವರ್ಷವಿಡೀ ನಡೆಯುವ ಕೆಲಸ. ಮಕ್ಕಳ ಮೇಲೆ ನಡೆದ ಅತ್ಯಂತ ಗಟ್ಟಿ ಅಧ್ಯಯನ ಕೂಡ ನಮ್ಮ ದೇಶದ್ದೇ. ದೆಹಲಿಯ ಏಮ್ಸ್‌ನಲ್ಲಿ 18 ವರ್ಷದೊಳಗಿನ 116 ಮಕ್ಕಳನ್ನು ಎರಡು ಗುಂಪು ಮಾಡಿದರು. 57 ಮಕ್ಕಳಿಗೆ ಆಪರೇಷನ್, ಉಳಿದ 59 ಮಕ್ಕಳಿಗೆ ಸರದಿ ಬರುವ ತನಕ ಔಷಧಿ. ವರ್ಷದ ಕೊನೆಗೆ ಆಪರೇಷನ್ ಗುಂಪಿನಲ್ಲಿ ನೂರಕ್ಕೆ 77 ಮಕ್ಕಳಿಗೆ ಫಿಟ್ಸ್ ಇರಲಿಲ್ಲ. ಔಷಧಿ ಗುಂಪಿನಲ್ಲಿ ನೂರಕ್ಕೆ 7. ಇದು ಪ್ರಕಟವಾಗಿದ್ದು 2017ರಲ್ಲಿ.

ಆದರೆ ಆ ಅಧ್ಯಯನದ ಇನ್ನೊಂದು ಅಂಕಿಯನ್ನೂ ನೀವು ಕೇಳಿಸಿಕೊಳ್ಳಬೇಕು, ಬರೀ ಒಳ್ಳೆಯದನ್ನು ಹೇಳಿದರೆ ಮೋಸ ಆಗುತ್ತದೆ. ಆಪರೇಷನ್ ಆದವರಲ್ಲಿ ಮೂರರಲ್ಲಿ ಒಂದು ಭಾಗದಷ್ಟು ಮಕ್ಕಳಿಗೆ ಗಂಭೀರ ತೊಂದರೆ ಆಯಿತು. ಅದರಲ್ಲಿ ಹೆಚ್ಚಿನದು ಮೈಯ ಒಂದು ಬದಿ ಬಲ ಕುಂದಿದ್ದು. ಕೇಳಿದ ತಕ್ಷಣ ಎದೆ ಧಸಕ್ಕೆನ್ನುತ್ತದೆ ಅಲ್ವಾ? ಕಾರಣ ಗೊತ್ತಿರಲಿ. ಆ ಮಕ್ಕಳಲ್ಲಿ ಎಲ್ಲ ಬಗೆಯ ಆಪರೇಷನ್ ಆದವರೂ ಇದ್ದರು. ಅರ್ಧ ಮಿದುಳೇ ಹಾಳಾಗಿರುವ ಮಕ್ಕಳಿಗೆ ಆ ಅರ್ಧವನ್ನು ಇನ್ನೊಂದರಿಂದ ಬೇರ್ಪಡಿಸುವ ದೊಡ್ಡ ಆಪರೇಷನ್ ಮಾಡುತ್ತಾರೆ. ಅಲ್ಲಿ ಎದುರು ಬದಿಯ ಕೈಯ ಬಲ ಕುಂದುತ್ತದೆ ಅಂತ ಮೊದಲೇ ಗೊತ್ತಿರುತ್ತದೆ, ಗೊತ್ತಿದ್ದೇ ಮಾಡುತ್ತಾರೆ. ನಿಮ್ಮ ಮಗಳಿಗೆ ಮಾತಾಡುತ್ತಿರುವುದು ಆ ಆಪರೇಷನ್ ಅಲ್ಲ. ಊರಲ್ಲಿ ಯಾರೋ ‘ಫಿಟ್ಸ್ ಆಪರೇಷನ್ ಆಗಿ ಕೈ ಹೋಯಿತು’ ಅಂದರೆ, ಯಾವ ಆಪರೇಷನ್ ಅಂತ ಮೊದಲು ಕೇಳಿ.

ಬುದ್ಧಿ? ಅದೇ ಅಧ್ಯಯನದಲ್ಲಿ ಬುದ್ಧಿಮಟ್ಟದ ಪರೀಕ್ಷೆಯಲ್ಲಿ ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಏರಲೂ ಇಲ್ಲ, ಇಳಿಯಲೂ ಇಲ್ಲ. ಮಕ್ಕಳ ನಡವಳಿಕೆ ಮತ್ತು ದಿನದ ಬದುಕು ಮಾತ್ರ ಆಪರೇಷನ್ ಗುಂಪಿನಲ್ಲಿ ಸುಧಾರಿಸಿತ್ತು. ಹಾಗಾಗಿ ‘ಬುದ್ಧಿಮಾಂದ್ಯ ಆಗುತ್ತೆ’ ಅನ್ನುವುದು ಸುಳ್ಳು. ‘ಆಪರೇಷನ್ ಆದರೆ ಕ್ಲಾಸಿಗೆ ಫಸ್ಟ್ ಬರುತ್ತಾಳೆ’ ಅನ್ನುವುದೂ ಸುಳ್ಳು.

ನಿಮ್ಮ ಮಗಳ ವಿಷಯದಲ್ಲಿ ನಿಜವಾಗಿ ಯೋಚಿಸಬೇಕಾದದ್ದು ಬುದ್ಧಿ ಅಲ್ಲ, ನೆನಪು. ಅದರಲ್ಲೂ ಮಾತಿನ ನೆನಪು. ಎಡಗಡೆಯ ಹಿಪೊಕ್ಯಾಂಪಸ್ ಹೆಸರು, ಪದ್ಯ, ಕೇಳಿದ ಪಾಠ, ಇಂಥದನ್ನು ಹಿಡಿದಿಡುತ್ತದೆ. ಅದನ್ನು ತೆಗೆದರೆ ಆ ನೆನಪಿಗೆ ಪೆಟ್ಟು ಬೀಳಬಹುದು. ಎಷ್ಟು ಅನ್ನುವುದು ಈಗ ಅಲ್ಲಿ ಎಷ್ಟು ಕೆಲಸ ನಡೆಯುತ್ತಿದೆ ಅನ್ನುವುದರ ಮೇಲೆ ನಿಂತಿದೆ. ಆ ಭಾಗ ಪೂರ್ತಿ ಕುಗ್ಗಿ, ನೆನಪು ಈಗಾಗಲೇ ಮಂದ ಆಗಿದ್ದರೆ ಹೊಸದಾಗಿ ಕಳೆದುಕೊಳ್ಳಲು ಹೆಚ್ಚೇನೂ ಉಳಿದಿರುವುದಿಲ್ಲ. ನೆನಪು ಚುರುಕಾಗಿದ್ದರೆ ಮಾತ್ರ ಜಾಗ್ರತೆ, ಯಾಕೆಂದರೆ ಕಲೆಯ ಜೊತೆ ಕೆಲಸ ಮಾಡುವ ಅಂಗವೂ ಹೋಗುತ್ತದೆ. ಇನ್ನೊಂದು ಸಮಾಧಾನದ ವಿಷಯ ಅಂದರೆ, ಕೂಸಾಗಿದ್ದಾಗಲೇ ಪೆಟ್ಟು ಬಿದ್ದ ಮಿದುಳು ಕೆಲವೊಮ್ಮೆ ಮಾತಿನ ಕೆಲಸವನ್ನು ಬಲಗಡೆಗೆ ಸಾಗಿಸಿಕೊಂಡಿರುತ್ತದೆ. ಹಾಗಾಗಿದೆಯೇ ಅಂತ ಫಂಕ್ಷನಲ್ ಎಂಆರ್‌ಐನಲ್ಲಿ, ಅಂದರೆ ಮಿದುಳಿನ ಯಾವ ಭಾಗ ಯಾವ ಕೆಲಸ ಮಾಡುತ್ತಿದೆ ಅಂತ ತೋರಿಸುವ ಸ್ಕ್ಯಾನಿನಲ್ಲಿ, ನೋಡಬಹುದು. ಮನಶ್ಶಾಸ್ತ್ರಜ್ಞರು ಕೂತು ಅರ್ಧ ದಿನ ನೆನಪು, ಭಾಷೆ, ಗಮನ ಎಲ್ಲವನ್ನೂ ಪರೀಕ್ಷಿಸುತ್ತಾರೆ. ಅದನ್ನು ಮಗುವಿಗೆ ಗೊತ್ತಿರುವ ಭಾಷೆಯಲ್ಲೇ, ಕನ್ನಡದಲ್ಲೇ ಮಾಡಿಸಿ. ಅರೆಬರೆ ಇಂಗ್ಲಿಷಿನಲ್ಲಿ ಪದಗಳನ್ನು ಕೇಳಿ ‘ನೆನಪು ಕಮ್ಮಿ’ ಅಂತ ಬರೆದ ರಿಪೋರ್ಟುಗಳನ್ನು ನಾನು ನೋಡಿದ್ದೇನೆ, ಸಿಟ್ಟು ಬರುತ್ತದೆ.

ಪರೀಕ್ಷೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಅಲ್ಲಿ ಮನೆಯವರು ಹೆದರುವುದೇ ಜಾಸ್ತಿ. ವಿಡಿಯೊ ಇಇಜಿ ಅಂದರೆ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಲು ತಲೆಗೆ ಸಣ್ಣ ಸಣ್ಣ ವೈರುಗಳನ್ನು ಅಂಟಿಸಿ, ಮೂರರಿಂದ ಐದು ದಿನ ಕ್ಯಾಮೆರಾ ಇರುವ ರೂಮಿನಲ್ಲಿ ಇರಿಸುವುದು. ನೋವಿಲ್ಲ. ಅಂಟು ಕೆರೆಯುತ್ತದೆ, ಅಷ್ಟೇ. ಆದರೆ ಎರಡನೇ ದಿನವೋ ಮೂರನೇ ದಿನವೋ ಡಾಕ್ಟರು ಬಂದು ‘ಮಾತ್ರೆ ಕಮ್ಮಿ ಮಾಡ್ತೀವಿ’ ಅನ್ನುತ್ತಾರೆ. ವರ್ಷಗಟ್ಟಲೆ ಒಂದು ಹೊತ್ತೂ ತಪ್ಪಿಸದೆ ಕೊಟ್ಟ ತಾಯಿಗೆ ಇದು ತಲೆ ಕೆಟ್ಟ ಮಾತಿನಂತೆ ಕೇಳುತ್ತದೆ. ಕಾರಣ ಇದೆ. ಫಿಟ್ಸ್ ಎಲ್ಲಿ ಹುಟ್ಟುತ್ತದೆ ಅಂತ ತಿಳಿಯಬೇಕಾದರೆ ಅದು ಬರುವಾಗಲೇ ಹಿಡಿಯಬೇಕು. ದಾದಿಯರು ಪಕ್ಕದಲ್ಲೇ ಇರುತ್ತಾರೆ, ನಿಲ್ಲಿಸುವ ಇಂಜೆಕ್ಷನ್ ಕೈಗೆಟಕುವಲ್ಲೇ ಇರುತ್ತದೆ. ನಿಮ್ಮ ಕೆಲಸ ಎರಡು: ಫಿಟ್ಸ್ ಶುರುವಾದ ಕೂಡಲೇ ಗುಂಡಿ ಒತ್ತುವುದು, ಆಮೇಲೆ ಅಡ್ಡ ನಿಲ್ಲದೆ ಪಕ್ಕಕ್ಕೆ ಸರಿಯುವುದು. ತಬ್ಬಿಕೊಂಡ ತಾಯಿಯ ಬೆನ್ನು ಮಾತ್ರ ರೆಕಾರ್ಡ್ ಆದ ವಿಡಿಯೊ ನನ್ನ ಬಳಿ ಬೇಕಾದಷ್ಟಿವೆ. ಮಗಳಿಗೆ ಮುಂಗುಂಡಿಯ ಅಂಗಿ ತೆಗೆದುಕೊಂಡು ಹೋಗಿ, ತಲೆಯ ಮೇಲಿಂದ ಹಾಕುವ ಫ್ರಾಕು ಆ ವೈರುಗಳ ನಡುವೆ ಆಗುವುದಿಲ್ಲ.

ಇದಾದ ಮೇಲೆ ಬೇಕಾದರೆ ಮೂರು ಟೆಸ್ಲಾ ಎಂಬ ಹೆಚ್ಚು ಶಕ್ತಿಯ ಯಂತ್ರದಲ್ಲಿ ಫಿಟ್ಸಿಗೆಂದೇ ತೆಗೆಯುವ ಎಂಆರ್‌ಐ, ಮಿದುಳಿನ ಯಾವ ಭಾಗ ಮಂಕಾಗಿದೆ ಅಂತ ತೋರಿಸುವ ಪೆಟ್ ಸ್ಕ್ಯಾನ್ ಮಾಡುತ್ತಾರೆ. ನಂತರ ನರರೋಗ ತಜ್ಞರು, ಸರ್ಜನ್, ರೇಡಿಯಾಲಜಿಸ್ಟ್, ಮನಶ್ಶಾಸ್ತ್ರಜ್ಞರು ಒಟ್ಟಿಗೆ ಕೂತು ಚರ್ಚಿಸುತ್ತಾರೆ. ಒಬ್ಬರೇ ಡಾಕ್ಟರು ಹದಿನೈದು ನಿಮಿಷದಲ್ಲಿ ತೀರ್ಮಾನ ಹೇಳಿದರೆ ಆ ಜಾಗ ಬಿಟ್ಟು ಬೇರೆ ಕಡೆ ಕೇಳಿ.

ಎಲ್ಲ ಹೊಂದಿ ಬಂತು ಅಂತಿಟ್ಟುಕೊಳ್ಳಿ. ಆಪರೇಷನ್ ಅಂದರೆ ಕಿವಿಯ ಮುಂದಿನಿಂದ ಕೂದಲೊಳಗೆ ಬಾಗಿದ ಒಂದು ಗೆರೆ ಕೊಯ್ದು, ಸಣ್ಣ ಮೂಳೆಯ ತುಂಡು ತೆಗೆದು, ಟೆಂಪೊರಲ್ ಭಾಗದ ಮುಂತುದಿಯನ್ನೂ ಕಲೆಗಟ್ಟಿದ ಹಿಪೊಕ್ಯಾಂಪಸ್ಸನ್ನೂ ತೆಗೆಯುವುದು. ಮೂಳೆಯನ್ನು ಮತ್ತೆ ಕೂರಿಸುತ್ತಾರೆ. ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಒಂದು ದಿನ ಐಸಿಯು, ಒಟ್ಟು ವಾರದ ಆಸುಪಾಸು ಆಸ್ಪತ್ರೆ, ತಿಂಗಳೊಪ್ಪತ್ತು ಮನೆ, ಆಮೇಲೆ ಶಾಲೆ.

ಸೋಂಕು, ರಕ್ತಸ್ರಾವ, ಪಾರ್ಶ್ವವಾಯು ಇವು ನೂರರಲ್ಲಿ ಕೆಲವರಿಗೆ ಆಗಬಹುದು. ಜೀವಕ್ಕೆ ಅಪಾಯ ಅನುಭವಿ ಕೇಂದ್ರಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಸೊನ್ನೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ದೃಷ್ಟಿಯಲ್ಲಿ ಬಲಗಡೆ ಮೇಲಿನ ಮೂಲೆ ಸ್ವಲ್ಪ ಮಾಸಬಹುದು. ಮಕ್ಕಳು ಅದನ್ನು ಗಮನಿಸುವುದೇ ಕಡಿಮೆ, ದೊಡ್ಡವಳಾಗಿ ಸ್ಕೂಟರ್ ಓಡಿಸುವ ಮುಂಚೆ ಒಮ್ಮೆ ಕಣ್ಣಿನ ಪರೀಕ್ಷೆ ಬೇಕು. ಕೆಲವು ದಿನ ಹೆಸರುಗಳು ನಾಲಿಗೆ ತುದಿಗೆ ಬಂದು ನಿಲ್ಲಬಹುದು. ಕೆಲವು ಮಕ್ಕಳು ಒಂದೆರಡು ತಿಂಗಳು ಮಂಕಾಗುತ್ತಾರೆ, ಅಳುತ್ತಾರೆ. ಇದನ್ನು ಮೊದಲೇ ಹೇಳದಿದ್ದರೆ ಮನೆಯವರು ‘ಆಪರೇಷನ್ ಕೆಟ್ಟಿತು’ ಅಂತ ತಿಳಿಯುತ್ತಾರೆ. ಮೊದಲ ವಾರದಲ್ಲಿ ಒಂದು ಫಿಟ್ಸ್ ಬಂದರೂ ಹಾಗೇ ತಿಳಿಯುತ್ತಾರೆ. ಆಗ ತಾನೇ ಕೈ ಹಾಕಿದ ಮಿದುಳು ಸ್ವಲ್ಪ ಕೆರಳಿರುತ್ತದೆ. ಅದೊಂದರಿಂದ ಸೋತೆವು ಅಂತ ಹೇಳಲಾಗದು.

ಇಂಥ ಹೊಂದಿಕೆ ಇರುವವರಲ್ಲಿ ಮೊದಲ ಒಂದೆರಡು ವರ್ಷಕ್ಕೆ ನೂರಕ್ಕೆ ಅರವತ್ತರಿಂದ ಎಂಬತ್ತು ಜನರಿಗೆ ಫಿಟ್ಸ್ ನಿಲ್ಲುತ್ತದೆ. ಅದರಲ್ಲಿ ಕೆಲವರಿಗೆ ವರ್ಷಗಳ ಮೇಲೆ ಮತ್ತೆ ಬರುತ್ತದೆ. ದೊಡ್ಡವರನ್ನು ಹತ್ತು ವರ್ಷ ಗಮನಿಸಿದಾಗ ಪೂರ್ತಿ ಫಿಟ್ಸ್ ಇಲ್ಲದೆ ಉಳಿದವರು ಅರ್ಧದಷ್ಟು. ಮತ್ತೆ ಬಂದವರಲ್ಲೂ ಹೆಚ್ಚಿನವರಿಗೆ ಮೊದಲಿಗಿಂತ ಬಹಳ ಕಡಿಮೆ. ಮಾತ್ರೆಯನ್ನು ಆಪರೇಷನ್ ಆದ ಮರುದಿನ ಬಿಡುವುದಿಲ್ಲ. ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸು ನೋಡಿ, ಒಂದೊಂದಾಗಿ ಇಳಿಸುತ್ತಾರೆ.

ಈಗ ತಕ್ಕಡಿಯ ಇನ್ನೊಂದು ತಟ್ಟೆ. ಮನೆಯಲ್ಲಿ ಎಲ್ಲರೂ ಆಪರೇಷನ್ನಿನ ಅಪಾಯವನ್ನು ‘ಏನೂ ಮಾಡದಿರುವುದರ’ ಜೊತೆ ತೂಗುತ್ತಿದ್ದಾರೆ, ಏನೂ ಮಾಡದಿದ್ದರೆ ಅಪಾಯವೇ ಇಲ್ಲ ಅನ್ನುವ ಹಾಗೆ. ನಿಮ್ಮ ಲೆಕ್ಕದಲ್ಲೇ ವರ್ಷಕ್ಕೆ ಎಂಬತ್ತು ಫಿಟ್ಸ್ ಹತ್ತಿರ ಆಯಿತು. ನಿಮ್ಮ ಕಡೆ ಭದ್ರಾ ನಾಲೆ ಇದೆ, ಬಾವಿ ಇದೆ, ಉರಿಯುವ ಒಲೆ ಇದೆ. ನಾಲೆಯ ದಂಡೆಯ ಮೇಲೆ ಒಂದೂವರೆ ನಿಮಿಷ ಬಹಳ ಉದ್ದ. ಇನ್ನೊಂದು ವಿಷಯ ಹೇಳಲು ಕಷ್ಟ, ಆದರೆ ಹೇಳದೆ ಬಿಡುವ ಡಾಕ್ಟರು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಫಿಟ್ಸ್ ಇರುವವರಲ್ಲಿ ನಿದ್ದೆಯಲ್ಲೇ ಹಠಾತ್ತಾಗಿ ಜೀವ ಹೋಗುವುದುಂಟು. ದೊಡ್ಡವರಲ್ಲಿ ವರ್ಷಕ್ಕೆ ಸಾವಿರಕ್ಕೆ ಒಬ್ಬರು ಅನ್ನುವ ಅಂದಾಜಿದೆ. ಮೈಯೆಲ್ಲ ಅದುರುವ ದೊಡ್ಡ ಫಿಟ್ಸ್ ಪದೇ ಪದೇ ಬರುವವರಲ್ಲಿ, ಅದೂ ರಾತ್ರಿ ಬರುವವರಲ್ಲಿ, ಜಾಸ್ತಿ. ನಿಮ್ಮ ಮಗಳಿಗೆ ಅಂಥದ್ದು ಬಂದಿದೆಯೋ ಇಲ್ಲವೋ ನೀವು ಬರೆದಿಲ್ಲ, ಬಂದಿದ್ದರೆ ಡಾಕ್ಟರಿಗೆ ಹೇಳಿ. ಇದರ ಜೊತೆಗೆ ಕಾಣದ ನಷ್ಟವೂ ಇದೆ. ಒಂಬತ್ತನೇ ವಯಸ್ಸಿನಿಂದ ಹದಿನೈದರವರೆಗೆ ಮಗು ಕಲಿಯುವುದು, ಗೆಳತಿಯರನ್ನು ಮಾಡಿಕೊಳ್ಳುವುದು ಮತ್ತೆ ಸಿಗುವುದಿಲ್ಲ. ತೂಕಡಿಸುತ್ತಾ ಕಳೆದ ಮೂರನೇ ಕ್ಲಾಸು ಕಳೆದೇ ಹೋಯಿತು.

ಬೇರೆ ದಾರಿ ಇಲ್ಲವಾ ಅಂತ ಕೇಳುತ್ತೀರಿ. ಇವೆ. ಅನ್ನ, ರೊಟ್ಟಿ ಬಹುತೇಕ ಬಿಟ್ಟು ತುಪ್ಪ, ಕೊಬ್ಬರಿ ಎಣ್ಣೆ, ಮೊಟ್ಟೆ, ಪನೀರ್‌ ಮೇಲೆ ನಡೆಯುವ ಕೀಟೋಜೆನಿಕ್ ಪಥ್ಯ ಇದೆ. ಮಾಡಿದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಫಿಟ್ಸ್ ಅರ್ಧಕ್ಕಿಳಿಯುತ್ತದೆ, ಆದರೆ ಪಥ್ಯ ತಜ್ಞರ ಕಣ್ಣಳತೆಯಲ್ಲೇ ಮಾಡಬೇಕು. ಎದೆಯ ಚರ್ಮದ ಕೆಳಗೆ ಯಂತ್ರ ಕೂರಿಸಿ ಕುತ್ತಿಗೆಯ ವೇಗಸ್ ನರಕ್ಕೆ ಸಣ್ಣ ವಿದ್ಯುತ್ ಕೊಡುವ ವಿಧಾನ ಇದೆ. ದುಬಾರಿ, ಫಿಟ್ಸ್ ಕಡಿಮೆ ಮಾಡುತ್ತದೆ, ಪೂರ್ತಿ ನಿಲ್ಲಿಸುವುದು ಅಪರೂಪ. ಇವೆರಡೂ ನನ್ನ ಮಟ್ಟಿಗೆ ಆಪರೇಷನ್ ಆಗದ ಮಕ್ಕಳಿಗೆ ಮೊದಲ ಆಯ್ಕೆ. ತೆಗೆಯಬಹುದಾದ ಕಲೆ ಒಂದೇ ಕಡೆ ಇರುವಾಗ ಇವುಗಳಲ್ಲಿ ವರ್ಷ ಕಳೆಯುವುದು ನನಗೆ ಸರಿ ಅನ್ನಿಸುವುದಿಲ್ಲ. ಸ್ಟೆಮ್ ಸೆಲ್ ಅಂತ ಲಕ್ಷಗಟ್ಟಲೆ ಕೇಳುವವರು ಸಿಗುತ್ತಾರೆ. ಫಿಟ್ಸಿಗೆ ಅದು ಒಪ್ಪಿತ ಚಿಕಿತ್ಸೆ ಅಲ್ಲ. ಹೆಸರಿಲ್ಲದ ಪೊಟ್ಟಣದ ಪುಡಿಯಂತೂ ಬೇಡವೇ ಬೇಡ. ಕೆಲವು ಪುಡಿಗಳಲ್ಲಿ ಫಿನೋಬಾರ್ಬಿಟೋನ್ ಎಂಬ ಫಿಟ್ಸ್ ಮಾತ್ರೆಯನ್ನೇ ಅರೆದು ಸೇರಿಸಿದ್ದು ಪತ್ತೆಯಾಗಿದೆ. ತಾಯತ, ಹರಕೆ ನಿಮ್ಮ ನಂಬಿಕೆ, ನನ್ನ ಅಭ್ಯಂತರ ಇಲ್ಲ. ಬರೆ ಹಾಕಿಸುವುದು, ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ಕೊಡುವುದು, ಬಾಯಿಗೆ ಚಮಚ ತುರುಕುವುದು ಮಾತ್ರ ಬೇಡ. ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ಫಿಟ್ಸ್ ನಿಲ್ಲಿಸಲು ಮೂಗಿಗೆ ಹೊಡೆಯುವ ಮಿಡಜೋಲಾಮ್ ಸ್ಪ್ರೇ. ನಿಮ್ಮ ಬಳಿ ಅದಿಲ್ಲದಿದ್ದರೆ ನಾಳೆಯೇ ಡಾಕ್ಟರ ಹತ್ತಿರ ಬರೆಸಿಕೊಳ್ಳಿ, ಶಾಲೆಯ ಟೀಚರಿಗೂ ತೋರಿಸಿಕೊಡಿ.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೆ ಯಜಮಾನರು ಬಾಯಿ ಬಿಡದಿರಲು ಅದೇ ಕಾರಣ ಇರಬಹುದು. ಗಂಡಸರು ‘ಭಯ ಆಗುತ್ತೆ’ ಅನ್ನುವುದೂ ಇಲ್ಲ, ‘ದುಡ್ಡಿಲ್ಲ’ ಅನ್ನುವುದೂ ಇಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ನೂರಕ್ಕೆ 30 ಭಾಗವನ್ನು ಸರ್ಕಾರ ಕೊಡುತ್ತದೆ. ಅಡ್ಮಿಟ್ ಆಗುವ ಮುಂಚೆಯೇ ಆಸ್ಪತ್ರೆಯ ಆರೋಗ್ಯಮಿತ್ರ ಕೌಂಟರಿನಲ್ಲಿ ಕೇಳಿ: ಯಾವ ಪರೀಕ್ಷೆ ಇದರೊಳಗೆ ಬರುತ್ತದೆ, ಯಾವುದಕ್ಕೆ ಕೈಯಿಂದ ಕಟ್ಟಬೇಕು, ಜಿಲ್ಲಾಸ್ಪತ್ರೆಯ ರೆಫರಲ್ ಬೇಕೇ. ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ. ಯಜಮಾನರನ್ನೂ ಆ ಕೌಂಟರಿಗೆ ಕರೆದುಕೊಂಡು ಹೋಗಿ. ಕೆಲಸ ಕೊಟ್ಟರೆ ಕೆಲವರಿಗೆ ಮಾತು ಬರುತ್ತದೆ.

ಮದುವೆ. ಕೂದಲು ಬೆಳೆದ ಮೇಲೆ ಗೆರೆ ಹುಡುಕಿದರೂ ಸಿಗುವುದು ಕಷ್ಟ, ಅದು ಬಿಡಿ. ಫಿಟ್ಸ್ ಇದೆ ಅನ್ನುವ ಕಾರಣಕ್ಕೆ ಮದುವೆ ರದ್ದು ಮಾಡಲು ಹಿಂದೂ ವಿವಾಹ ಕಾಯ್ದೆಯಲ್ಲಿ ಇದ್ದ ಅವಕಾಶವನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ಅತ್ತೆಯವರಿಗೆ ಇದನ್ನು ಹೇಳಿ. ಜೊತೆಗೆ ಇದನ್ನೂ ಕೇಳಿ: ಇಪ್ಪತ್ತೈದನೇ ವಯಸ್ಸಿಗೆ ತಿಂಗಳಿಗೆ ಆರು ಫಿಟ್ಸ್, ದಿನಕ್ಕೆ ಮೂರು ಬಗೆಯ ಮಾತ್ರೆ ಇರುವ ಹುಡುಗಿ ಮೇಲೋ, ಕೂದಲೊಳಗೆ ಮುಚ್ಚಿದ ಗೆರೆ ಇರುವ ಹುಡುಗಿ ಮೇಲೋ? ಬಸುರಿಯಾದಾಗ ಕೆಲವು ಫಿಟ್ಸ್ ಮಾತ್ರೆಗಳು, ಅದರಲ್ಲೂ ವಾಲ್‌ಪ್ರೊಯೇಟ್, ಮಗುವಿಗೆ ತೊಂದರೆ ಮಾಡುತ್ತವೆ. ಅಷ್ಟೊತ್ತಿಗೆ ಮಾತ್ರೆ ಕಡಿಮೆ ಆಗಿದ್ದಷ್ಟೂ ಒಳ್ಳೆಯದು.

ಮುಂದಿನ ಭೇಟಿಗೆ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಈ ಆಪರೇಷನ್ ಇಲ್ಲಿ ವರ್ಷಕ್ಕೆ ಎಷ್ಟು ಮಾಡುತ್ತೀರಿ, ಮಕ್ಕಳಲ್ಲಿ ಎಷ್ಟು? ನನ್ನ ಮಗಳಂಥವರಲ್ಲಿ ನಿಮ್ಮ ಕೈಯಲ್ಲಿ ಎಷ್ಟು ಜನರಿಗೆ ನಿಂತಿದೆ? ಅವಳ ಮಾತು ಯಾವ ಬದಿಯಲ್ಲಿದೆ? ನೆನಪಿನ ಪರೀಕ್ಷೆಯಲ್ಲಿ ಏನು ಬಂತು, ಎಷ್ಟು ಕಳೆದುಕೊಳ್ಳಬಹುದು? ನಿಲ್ಲದಿದ್ದರೆ ಮುಂದೇನು? ಇವನ್ನು ಕೇಳಿದ್ದಕ್ಕೆ ಮುಖ ಗಂಟಿಕ್ಕುವ ಡಾಕ್ಟರಿಗಿಂತ ಕುರ್ಚಿ ಎಳೆದು ಕೂರುವ ಡಾಕ್ಟರನ್ನು ಆರಿಸಿ. ಬೇರೆ ಕೇಂದ್ರದಲ್ಲಿ ಎರಡನೇ ಅಭಿಪ್ರಾಯ ಕೇಳಿದರೆ ಯಾರಿಗೂ ಅವಮಾನ ಇಲ್ಲ. ವಿಡಿಯೊ ಇಇಜಿ, ಎಂಆರ್‌ಐ ಸಿಡಿ ಕೇಳಿ ಪಡೆದುಕೊಳ್ಳಿ, ಬರೀ ರಿಪೋರ್ಟಿನ ಹಾಳೆ ಸಾಲದು.

ಕೊನೆಗೆ, ಮಗಳಿಗೆ ಏನು ಹೇಳಲಿ ಅಂತ ಕೇಳಿದ್ದೀರಿ. ನಿಜವನ್ನೇ, ಅವಳ ಅಳತೆಗೆ. ಒಂಬತ್ತು ವರ್ಷದ ಮಗುವಿಗೆ ಮನೆಯ ಪಿಸುಮಾತು ಎಲ್ಲ ಕೇಳಿಸುತ್ತದೆ, ‘ಕತ್ತರಿ’ ಅನ್ನುವ ಮಾತೂ ಕೇಳಿಸಿರುತ್ತದೆ. ‘ನಿನ್ನ ತಲೆಯೊಳಗೆ ಒಂದು ಚಿಕ್ಕ ಕಲೆ ಇದೆ, ಅಲ್ಲಿಂದ ಇದು ಬರ್ತಿದೆ, ತಪ್ಪು ನಿಂದಲ್ಲ. ಮೊದಲು ವೈರು ಅಂಟಿಸಿ ನೋಡ್ತಾರೆ, ನಾನು ಪಕ್ಕದಲ್ಲೇ ಇರ್ತೀನಿ’ ಅಂತ ಹೇಳಿ. ಸುಮ್ನೆ ‘ಏನೂ ಆಗಲ್ಲ’ ಅನ್ನಬೇಡಿ. ಅವಳು ಕೇಳುವ ಮೊದಲ ಪ್ರಶ್ನೆ ಏನಿರುತ್ತದೆ ಅಂತ ನಾನು ಊಹಿಸಬಲ್ಲೆ, ಈ ವಯಸ್ಸಿನ ಹುಡುಗಿಯರು ಹೆಚ್ಚಾಗಿ ಅದನ್ನೇ ಕೇಳುತ್ತಾರೆ. ಜಡೆ ಹೋಗುತ್ತಾ ಅಂತ. ಈಗ ಬಹಳ ಕಡೆ ಕೊಯ್ಯುವ ಜಾಗದಲ್ಲಿ ಒಂದು ಪಟ್ಟಿಯಷ್ಟು ಮಾತ್ರ ಬೋಳಿಸುತ್ತಾರೆ. ಸರ್ಜನ್ನರನ್ನು ಅವಳ ಎದುರಿಗೇ ಕೇಳಿಸಿ, ಉತ್ತರವನ್ನು ಅವಳೇ ಕೇಳಿಸಿಕೊಳ್ಳಲಿ.